ಸಾಕವ್ವನಿಗೆ ಎರಡು ಸಲ ಹೆಸರಿಟ್ಟದ್ದು

ನಮ್ಮ ಊರಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಗಂಗವ್ವನ ಮನೆಯ ಅಂಗಳ ಬೇಸಿಗೆಯಲ್ಲೂ ಯಾಕೆ ಒದ್ದೆ ಎಂದು. ಗಂಗವ್ವ ನಡೆದಾಡುತ್ತಾಳೆ, ಅದಕ್ಕೆ ಒದ್ದೆ ಎಂದು ನಾವು ಹೇಳುತ್ತೇವೆ. ಅವಳು ಹೆಜ್ಜೆ ಇಟ್ಟಲ್ಲೆಲ್ಲ ನೀರು ಒಸರುತ್ತದೆ, ಸೊಸೆ ಹಿಂದಿನಿಂದ ಅರಿವೆ ಹಿಡಿದು ಒರೆಸುತ್ತ ಬರುತ್ತಾಳೆ, ಅಷ್ಟೇ. ಹೆಣ್ಣುಮಕ್ಕಳ ಹೆಸರು ಇಲ್ಲಿ ಹಿಡಿಯುತ್ತದೆ. ಸಂಪಿಗೆವ್ವ ಸಂತೆಗೆ ಬಂದರೆ ಒಣಮೀನು ಮಾರುವವರ ಸಾಲೂ ಘಮಘಮ ಎನ್ನುತ್ತದೆ. ಕಲ್ಲವ್ವ ಕುಳಿತ ಗಾಡಿ ಏರು ಹತ್ತುವುದಿಲ್ಲ. ಒಬ್ಬ ಆಸೆಬುರುಕ ಮಗಳಿಗೆ ಹೊನ್ನವ್ವ ಎಂದು ಹೆಸರಿಟ್ಟ. ಚಿನ್ನವೇನೂ ಉದುರಲಿಲ್ಲ, ಹುಡುಗಿ ಅರಿಸಿನ ಮೆತ್ತಿದ ಹಾಗೆ ಹಳದಿಯಾಗಿ ಬೆಳೆದಳು, ಪರವೂರಿನ ವೈದ್ಯರೆಲ್ಲ ಕಾಮಾಲೆ ಎಂದು ತಿಳಿದು ಅವಳಿಗೆ ಕಹಿ ಕುಡಿಸಿದರು. ಗಂಡಸರಿಗೆ ಈ ಕಾಟವಿಲ್ಲ. ನಮ್ಮ ಗೌಡರ ಹೆಸರು ವೀರಪ್ಪ, ಗೋಡೆಯ ಮೇಲೆ ಹಲ್ಲಿ ಕಂಡರೆ ಪಂಚಾಯಿತಿಯನ್ನು ನಾಳೆಗೆ ಹಾಕುತ್ತಾರೆ.

ನಾನು ನೀಲವ್ವ. ನನ್ನ ಹತ್ತೂ ಬೆರಳು ನೀಲಿ. ನಾನು ಬಡಿದ ರೊಟ್ಟಿಯ ಅಂಚಿಗೆ ಒಂದಿಷ್ಟು ನೀಲಿ ಹತ್ತಿಯೇ ಹತ್ತುತ್ತದೆ. ಮದುವೆಯಾಗಿ ಹೋದದ್ದು ದೂರದ ಊರಿಗೆ, ಅಲ್ಲಿಯವರಿಗೆ ಈ ಹೆಸರಿನ ವಿಷಯ ತಿಳಿಯದು. ಎರಡು ವರ್ಷ ಅಂಜುತ್ತ ಅಂಜುತ್ತ ಉಂಡರು, ಮೂರನೆಯ ವರ್ಷ ನನ್ನನ್ನು ತಂದು ತವರಿನ ಬಾಗಿಲಲ್ಲಿ ಬಿಟ್ಟು ಹೋದರು. ಅಣ್ಣ ಫಕೀರಪ್ಪ ಆಗ ಉಣ್ಣಲು ಕುಳಿತಿದ್ದ. ಯಾಕೆ ಬಂದೆ, ಏನಾಯಿತು ಎಂದು ಒಂದು ಮಾತು ಕೇಳಲಿಲ್ಲ. ಹೆಂಡತಿಯ ಕಡೆ ತಿರುಗಿ, ‘ನಮ್ಮ ನೀಲಿ ರೊಟ್ಟಿ ಬಂತ ನೋಡ, ಇನ್ನೊಂದು ಮಣಿ ಹಾಕು’ ಅಂದ. ಆ ಮಣೆಯ ಮೇಲೆ ನಾನು ಐವತ್ತು ವರ್ಷ ಕುಳಿತು ಉಂಡಿದ್ದೇನೆ. ಆ ಅಣ್ಣನಿಗೆ ನಾನು ಏನು ಮಾಡಿದೆ ಎಂಬುದೇ ಈಗ ಹೇಳಹೊರಟ ಕಥೆ.

ನಮ್ಮಲ್ಲಿ ಕೂಸಿಗೆ ಹೆಸರಿಡುವುದು ಸೋದರತ್ತೆಯ ಹಕ್ಕು. ಅವಳು ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ, ಕುರ್ರ್ ಎಂದು ಮೂರು ಸಲ ಹೆಸರು ಹೇಳಬೇಕು. ಒಂದೊಂದು ಸಲಕ್ಕೂ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಹೆಸರು ಒಳಗೆ ಇಳಿಯಲಿ ಎಂದು ಈ ಗುದ್ದು ಎನ್ನುತ್ತಾರೆ ಹಿರಿಯರು. ನಾದಿನಿಯ ಮೇಲಿನ ಸಿಟ್ಟು ಹೊರಗೆ ಬರಲಿ ಎಂದು ಎನ್ನುತ್ತಾರೆ ವೈನಿಯರು, ಅಂದರೆ ಅಣ್ಣಂದಿರ ಹೆಂಡಿರು. ಹೆಸರಿಗೆ ಎರಡು ಅರ್ಥವಿದ್ದರೆ ಹೇಳುವವಳ ಮನಸ್ಸಿನಲ್ಲಿ ಆ ಗಳಿಗೆಗೆ ಯಾವುದಿದೆಯೋ ಅದೇ ಹಿಡಿಯುತ್ತದೆ, ಅದರಲ್ಲೂ ಮೂರನೆಯ ಸಲದ್ದು. ಅದಕ್ಕೇ ಸೋದರತ್ತೆಗೆ ಇರುವುದು ಒಂದೇ ಕಟ್ಟಳೆ: ಬಾಯಿ ಕಿವಿಯ ಹತ್ತಿರ ಇರುವತನಕ ಮನಸ್ಸು ಅತ್ತಿತ್ತ ಹರಿಯಬಾರದು.

ಅಣ್ಣನಿಗೆ ಐದನೆಯದೂ ಹೆಣ್ಣಾಯಿತು. ಊರು ಲೊಚಗುಟ್ಟಿತು, ಅಣ್ಣನ ಮೋರೆ ಮಾತ್ರ ಬಾಡಲಿಲ್ಲ. ಹೆಸರಿಡುವ ದಿನ ಬೆಳಿಗ್ಗೆ ನನ್ನನ್ನು ಹಿತ್ತಲಿಗೆ ಕರೆದ. ‘ನಮ್ಮ ಮುತ್ತಜ್ಜಿ ಸಾಕವ್ವನ ಹೆಸರ ಇಡೂಣು. ದೊಡ್ಡ ಬ್ಯಾನಿ ಬಂದಾಗ ತಾಯಿ ತಂದಿ ಕಳಕೊಂಡ ಹನ್ನೊಂದು ಮಕ್ಕಳನ್ನ ಸಾಕಿದಾಕಿ ಆಕಿ. ಸಾಕವ್ವ ಅಂದ್ರ ಸಾಕುವಾಕಿ. ನನ್ನ ಮಗಳ ಮಡಿಲಾಗ ಊರಿಗೆ ಊರೇ ಹಿಡಸ್ತದ ನೋಡು. ಇದನ್ನ ಮನಸಿನ್ಯಾಗ ಇಟ್ಟು ಹೇಳವಾ ತಂಗಿ, ಇನ್ನೊಂದು ಅರ್ಥ ಹತ್ತಿರ ಸುಳೀಬಾರದು’ ಅಂದ. ನಾನು ಹೂಂ ಅಂದೆ.

ಆ ದಿನ ಗುದ್ದಲು ನಿಂತವರಲ್ಲಿ ಪಕ್ಕದ ಮನೆಯ ಕಲ್ಲವ್ವನೂ ಇದ್ದಳು. ಆಗ ಅವಳಿಗೆ ಹೊಸ ಹರೆಯ, ತಮಾಷೆಯ ಸ್ವಭಾವ. ಮೊದಲ ಸಲ ಹೆಸರು ಹೇಳಿದೆ, ಉಳಿದವರ ಕೈ ಬಿತ್ತು, ತಡೆದುಕೊಂಡೆ. ಎರಡನೆಯ ಸಲ ಹೇಳಿದೆ, ಕಲ್ಲವ್ವನ ಮುಷ್ಟಿ ಬಿತ್ತು. ಬೀಸುವ ಕಲ್ಲೇ ಬೆನ್ನ ಮೇಲೆ ಬಿದ್ದಂತಾಗಿ ಕಣ್ಣಿಗೆ ಕತ್ತಲೆ ಬಂತು. ಅವಳು ಮತ್ತೆ ಕೈ ಎತ್ತಿದ್ದು ಓರೆಗಣ್ಣಿಗೆ ಕಂಡಿತು. ‘ಸಾಕವ್ವಾ’ ಅಂದುಬಿಟ್ಟೆ. ತೊಟ್ಟಿಲ ಸುತ್ತ ನಿಂತವರೆಲ್ಲ ಮೂರನೆಯ ಸಲದ ಹೆಸರು ಕೇಳಿದೆವು ಎಂದುಕೊಂಡು ನಕ್ಕು ಸಕ್ಕರೆ ಹಂಚಿದರು. ಅದು ಹೆಸರಾಗಿರಲಿಲ್ಲ. ‘ಸಾಕು, ನಮ್ಮವ್ವಾ, ಬಿಡು’ ಎಂದು ನಾನು ಕಲ್ಲವ್ವನಿಗೆ ಬೇಡಿಕೊಂಡದ್ದಾಗಿತ್ತು. ಬಾಯಿ ಕೂಸಿನ ಕಿವಿಯಲ್ಲೇ ಇತ್ತು.

ಜೋಗುಳ ಹಾಡುತ್ತಿದ್ದವರು ಎರಡನೆಯ ಸಾಲಿನ ನಡುವೆ ನಿಂತರು, ಮುಂದಿನ ಸಾಲು ಯಾರ ಬಾಯಿಗೂ ಬರಲಿಲ್ಲ. ಹೊರಗೆ ಕಟ್ಟಿದ್ದ ಆಕಳು ಅರ್ಧ ತಂಬಿಗೆಗೇ ಹಾಲು ನಿಲ್ಲಿಸಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ವೈನಿಗೆ ಮುಂದೆ ಮಕ್ಕಳಾಗಲಿಲ್ಲ. ಊರಿಗೆ ಇಷ್ಟು ಸಾಕಾಯಿತು. ಐದನೇ ಹೆಣ್ಣು ಅಂತ ಫಕೀರಪ್ಪ ಬೇಸತ್ತು ಸಾಕು ಎಂದು ಹೆಸರಿಡಿಸಿದ, ಕರುಳಿಲ್ಲದವನು ಎಂದು ಮಾತಾಯಿತು. ಅಣ್ಣ ಹಾಗಲ್ಲ ಎಂದು ನಾಲ್ಕು ದಿನ ಹೇಳಿದ, ಆಮೇಲೆ ಸುಮ್ಮನಾದ. ನಾನು ಬಾಯಿ ಬಿಡಲಿಲ್ಲ. ಗಂಡ ಬಿಟ್ಟವಳು, ಅಣ್ಣನ ಅನ್ನ ತಿನ್ನುವವಳು, ಅವನ ಮಗಳ ಹಣೆಬರಹ ಕೆಡಿಸಿದೆ ಎಂದು ಹೇಳಿ ಎಲ್ಲಿಗೆ ಹೋಗಲಿ ಎಂದು ಹೆದರಿದೆ. ಮೊದಲ ವರ್ಷ ಹೆದರಿ ಹೇಳಲಿಲ್ಲ, ಆಮೇಲೆ ಮೊದಲ ವರ್ಷವೇ ಯಾಕೆ ಹೇಳಲಿಲ್ಲ ಎಂದು ಕೇಳಿಯಾರೆಂದು ಹೇಳಲಿಲ್ಲ.

ಸಾಕವ್ವ ಬೆಳೆದಳು. ಬೆಳೆದಳು ಎಂದರೆ ಅವಳ ಮೈ ಬೆಳೆಯಿತು. ಅವಳ ಹತ್ತಿರ ಇದ್ದದ್ದು ಯಾವುದೂ ಬೆಳೆಯಲಿಲ್ಲ. ಅವಳು ನೀರು ಹಾಕಿದ ತುಳಸಿ ಎರಡು ಎಲೆಗೇ ನಿಂತಿತು. ಏಳು ವರ್ಷದ ಹಿಂದೆ ತಂದ ಬೆಕ್ಕಿನ ಮರಿ ಇವತ್ತಿಗೂ ಅಂಗೈಯಗಲ. ನನ್ನ ಕೂದಲು ನೆರೆಯುವುದನ್ನು ಮಾತ್ರ ಅವಳಿಂದ ನಿಲ್ಲಿಸಲಾಗಲಿಲ್ಲ, ಸವೆಯುವುದಕ್ಕೆ ಅವಳ ಹೆಸರು ತಾಗುತ್ತಿರಲಿಲ್ಲ. ಊರವರು ಅವಳನ್ನು ಬಳಸಿಕೊಳ್ಳಲು ಕಲಿತರು. ಕೆರೆಯ ಏರಿ ಒಡೆಯುವ ಹಾಗೆ ಮಳೆ ಬಿದ್ದರೆ ಛತ್ರಿ ಹಿಡಿದು ಕರೆದೊಯ್ದು ಏರಿಯ ಮೇಲೆ ಕೂರಿಸುತ್ತಿದ್ದರು. ಯಾರ ಮನೆಯಲ್ಲಾದರೂ ಅಣ್ಣತಮ್ಮಂದಿರು ಕೊರಳಪಟ್ಟಿ ಹಿಡಿದುಕೊಂಡಾಗ ಕರೆಯುತ್ತಿದ್ದರು. ಮದುವೆಗೆ ಯಾರೂ ಕರೆಯುತ್ತಿರಲಿಲ್ಲ, ಅಡುಗೆ ಕಡಿಮೆ ಬಿದ್ದರೆ ಮಾತ್ರ ಆಳು ಓಡಿ ಬರುತ್ತಿತ್ತು. ಅವಳು ಪಂಕ್ತಿಯ ತುದಿಗೆ ಕುಳಿತರೆ ಸಾಕು, ನಾಲ್ಕು ಹೋಳಿಗೆ ಉಣ್ಣುವವನು ಒಂದಕ್ಕೇ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದ. ಅವಳನ್ನು ನೋಡಲು ಬಂದ ಗಂಡು ತನ್ನ ಹೆಸರನ್ನು ಅರ್ಧ ಹೇಳಿ ನಿಲ್ಲಿಸಿ, ಉಳಿದರ್ಧ ಹೇಳಲಾರದೆ ಎದ್ದು ಹೋದ. ಅಕ್ಕಂದಿರು ನಾಲ್ವರೂ ಗಂಡನ ಮನೆ ಸೇರಿದ್ದರು, ಇವಳಿಗೆ ಇನ್ನೊಬ್ಬನನ್ನು ನಾವು ಕರೆಸಲಿಲ್ಲ.

ಇದಕ್ಕೆಲ್ಲ ಅವಳು ತಂದೆಯನ್ನು ದೂರಲಿಲ್ಲ, ಮಾತಾಡಿಸಲೂ ಇಲ್ಲ. ಹನ್ನೆರಡು ವರ್ಷದವಳಿದ್ದಾಗ ಶಾಲೆಯಲ್ಲಿ ಯಾರೋ ಅವಳ ಹೆಸರಿನ ಕಥೆ ಹೇಳಿದರು. ಅಂದಿನಿಂದ ಅಣ್ಣನಿಗೆ ನೀರು ಕೊಡುವಳು, ಪಂಚೆ ಒಗೆಯುವಳು, ಅಪ್ಪಾ ಎಂದು ಕರೆಯಳು. ಅಣ್ಣ ಸಾಯುವ ಮುಂಚೆ ನನ್ನ ಕೈ ಹಿಡಿದು, ‘ನನ್ನ ಮನಸಿನ್ಯಾಗ ಎಲ್ಲೋ ಒಂದು ಮೂಲ್ಯಾಗ ಸಾಕು ಅನ್ನೂದು ಇದ್ದಿರಬೇಕು ತಂಗಿ. ಇಲ್ಲಾಂದ್ರ ಹಂಗ್ಯಾಕ ಹಿಡೀತಿತ್ತು?’ ಅಂದ. ವೈನಿ ಅವನಿಗಿಂತ ಮೊದಲೇ ಹೋಗಿದ್ದಳು, ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಅವನ ಬಾಯಿಗೆ ಎರಡು ಚಮಚ ನೀರು ಬಿಟ್ಟೆ. ಇದು ನಾನು ಮಾಡಿದ ಪಾಪಗಳಲ್ಲಿ ದೊಡ್ಡದು, ಹೆಸರು ತಪ್ಪಿಸಿದ್ದಕ್ಕಿಂತ ದೊಡ್ಡದು.

ಅಣ್ಣ ಹೋಗಿ ಆರು ವರ್ಷಕ್ಕೆ, ಅಂದರೆ ಈ ವರ್ಷ, ಕಲ್ಲವ್ವನ ಮಗಳು ಹೂವಕ್ಕ ಹೆಣ್ಣು ಹಡೆದು ಒಂಬತ್ತನೆಯ ದಿನಕ್ಕೆ ಜ್ವರದಲ್ಲಿ ತೀರಿಕೊಂಡಳು. ಕೂಸಿನ ತಂದೆ ಅದಕ್ಕೂ ಮೊದಲೇ ಹೊಳೆಯ ಪಾಲಾಗಿದ್ದ. ಉಳಿದದ್ದು ಅಜ್ಜಿ ಕಲ್ಲವ್ವ ಒಬ್ಬಳೇ. ಅವಳ ತೊಡೆಯ ಮೇಲೆ ಮಲಗಿಸಿದರೆ ಕೂಸು ಚಪ್ಪಡಿಯ ಮೇಲೆ ಮಲಗಿಸಿದ ಹಾಗೆ ಚೀರುತ್ತಿತ್ತು. ಸಾಕವ್ವ ಗೋಡೆಯ ಈಚೆ ನಿಂತು ಆ ಅಳು ಕೇಳುತ್ತಿದ್ದಳು. ಮೂರು ದಿನ ಕೇಳಿದಳು. ನಾಲ್ಕನೆಯ ದಿನ ಹೋಗಿ ಎತ್ತಿಕೊಂಡಳು, ಅಳು ಥಟ್ಟನೆ ನಿಂತಿತು. ಒಳ್ಳೆಯದಾಯಿತೆಂದು ಕಲ್ಲವ್ವ ಆಡಿನ ಹಾಲು ತಂದು ಅರಳೆಯಲ್ಲಿ ಅದ್ದಿ ಕೂಸಿನ ಬಾಯಿಗಿಟ್ಟಳು. ಎರಡು ಹನಿ ಚೀಪಿ ಕೂಸು ಬಾಯಿ ತಿರುಗಿಸಿತು. ಅದಕ್ಕೆ ಅಷ್ಟೇ ಸಾಕಾಗಿತ್ತು.

ಪಂಚರು ಕೂಡಿದರು. ಸಾಕವ್ವನ ಮನೆಯ ಬೆಕ್ಕಿನ ಮರಿಯನ್ನು ಯಾರೋ ಜೇಬಿನಲ್ಲಿಟ್ಟು ತಂದು ಕಟ್ಟೆಯ ಮೇಲೆ ಬಿಟ್ಟರು, ಅದೊಂದೇ ಸಾಕ್ಷಿ. ‘ಏಳು ವರ್ಷದ ಬೆಕ್ಕು ಹಿಂಗೈತಿ. ಕೂಸು ಬೆಳೀಬ್ಯಾಡೇನು? ಸೋಮವಾರದ ದೋಣಿಗೆ ಹೊಳಿ ಆಚಿ ಅನಾಥರ ಮನಿಗೆ ಕಳಸೂಣು’ ಅಂದರು ವೀರಪ್ಪ ಗೌಡರು. ಅವರ ಮಾತು ಕೆಟ್ಟದ್ದೇನಲ್ಲ, ನಾನಾದರೂ ಅದನ್ನೇ ಹೇಳುತ್ತಿದ್ದೆ. ಆಗ ಹಿಂದೆ ನಿಂತಿದ್ದ ಸಾಕವ್ವ ಮುಂದೆ ಬಂದಳು. ‘ಗೌಡ್ರ, ನನಗ ಆ ಕೂಸು ಬೇಕು’ ಅಂದಳು. ಮೂವತ್ತೆಂಟು ವರ್ಷದಲ್ಲಿ ಅವಳ ಬಾಯಿಂದ ಬೇಕು ಎಂಬ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಸೀರೆ ತಂದರೆ ಯಾವುದಾದರೂ ಸರಿ ಎನ್ನುವವಳು, ಹಬ್ಬದಲ್ಲೂ ಒಂದು ತುತ್ತಿಗೆ ಕೈ ತೊಳೆಯುವವಳು. ಗೌಡರು ತಲೆ ತಗ್ಗಿಸಿ, ‘ಬೇಕು ಖರೆ, ಸಾಕಲಿಕ್ಕೆ ಆಗಬೇಕಲ್ಲವಾ’ ಅಂದರು. ಸೋಮವಾರಕ್ಕೆ ಎರಡೇ ದಿನವಿತ್ತು.

ಮನೆಗೆ ಬಂದು ಅವಳು ಒಲೆಯ ಮುಂದೆ ಕುಳಿತಳು. ಬೆಂಕಿ ಹತ್ತಿಸಲಿಲ್ಲ. ನಾನು ನನ್ನ ಹಳೆಯ ಮಣೆಯ ಮೇಲೆ ಕುಳಿತು, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹಿತ್ತಲಲ್ಲಿ ಅಣ್ಣ ಆಡಿದ ಮಾತು, ಕಲ್ಲವ್ವನ ಮುಷ್ಟಿ, ಮೂರನೆಯ ‘ಸಾಕವ್ವಾ’, ಅಣ್ಣನ ಬಾಯಿಗೆ ಬಿಟ್ಟ ಎರಡು ಚಮಚ ನೀರು, ಯಾವುದನ್ನೂ ಮುಚ್ಚಿಡಲಿಲ್ಲ. ಅವಳ ಎದುರು ಉದ್ದದ ಮಾತು ಯಾರದಾದರೂ ಅರ್ಧಕ್ಕೆ ನಿಲ್ಲುತ್ತಿತ್ತು, ನನ್ನದೂ ನಿಂತು ನಿಂತು ಬಂತು. ಪ್ರತಿ ಸಲ ನಿಂತಾಗಲೂ ಎದ್ದು ಹೊರಗೆ ಹೋಗಿ, ಉಸಿರು ತೆಗೆದುಕೊಂಡು, ಒಳಗೆ ಬಂದು ಮುಂದಿನ ಮಾತು ಹೇಳಿದೆ. ಹದಿನಾಲ್ಕು ಸಲ ಹೊಸ್ತಿಲು ದಾಟಿದೆನೋ ಏನೋ.

‘ಅಪ್ಪಗ ಗೊತ್ತಿತ್ತೇನು?’ ಅಂದಳು.

‘ಇಲ್ಲ.’

‘ಅಪ್ಪನ ಮುಂದ ಹೇಳಬೇಕಿತ್ತು ನೀ.’ ಅವಳ ದನಿ ಏರಲಿಲ್ಲ. ‘ಇಪ್ಪತ್ತು ವರ್ಷ ನಾ ಆ ಮನಶ್ಯಾನ್ನ ಅಪ್ಪಾ ಅನಲಿಲ್ಲ ಅತ್ತಿ. ನೀ ನೋಡಕೋತ ಕೂತಿದ್ದಿ.’

ಅತ್ತೆ, ಬಿಡು ಎಂದು ಅವಳು ಹೇಳಬಹುದೆಂದು ಒಳಗೊಳಗೇ ಆಸೆ ಇತ್ತು, ಅವಳು ಹೇಳಲಿಲ್ಲ. ಮತ್ತೆರಡು ಸಲ ಹೊಸ್ತಿಲು ದಾಟಿ ಬಂದು ಇಷ್ಟು ಹೇಳಿದೆ. ‘ಬ್ಯಾರೆ ಹೆಸರಿಟ್ರ ಹಳೇದು ಬಿಡೂದಿಲ್ಲ, ಅದು ಗೊತ್ತೈತಿ. ಕಲ್ಲವ್ವಗ ಮಲ್ಲಿಗೆವ್ವ ಅಂತ ಇಟ್ಟು ನೋಡಿದ್ರು, ಕಲ್ಲಿಗೆ ಮಲ್ಲಿಗಿ ವಾಸನಿ ಹತ್ತಿತು, ಅಷ್ಟ. ಆದ್ರ ಅದೇ ಹೆಸರನ್ನ, ಅದೇ ಕಿವ್ಯಾಗ, ಅದೇ ಬಾಯಿಲೆ ಇನ್ನೊಮ್ಮೆ ಯಾರೂ ಹೇಳಿಲ್ಲ. ಹೇಳಿ ನೋಡೂಣೇನು?’

ಅವಳು ನನ್ನ ಬೆನ್ನನ್ನು ನೋಡಿದಳು. ಎಪ್ಪತ್ತೆರಡು ವರ್ಷದ, ಗೂನು ಬಿದ್ದ ಬೆನ್ನು. ‘ಗುದ್ದು ತಡಕೋತೀ?’ ಅಂದಳು. ಕರುಣೆಯಿಂದ ಕೇಳಿದಳೋ, ತಡೆದುಕೊಳ್ಳಲೇಬೇಕೆಂದು ಕೇಳಿದಳೋ ನನಗೆ ಇಂದಿಗೂ ತಿಳಿಯದು. ತಡಕೋತೀನಿ ಅಂದೆ.

ಭಾನುವಾರ ಮಧ್ಯಾಹ್ನ ಹೆಂಗಸರನ್ನು ಕರೆಸಿದೆ. ಅವರೆಲ್ಲರ ಮುಂದೆ ಕಥೆಯನ್ನು ಎರಡನೆಯ ಸಲ ಹೇಳಿದೆ, ಸಾಕವ್ವ ಹಿತ್ತಲಲ್ಲಿದ್ದುದರಿಂದ ಈ ಸಲ ಮಾತು ತಡೆಯಲಿಲ್ಲ. ಗಂಗವ್ವ ಕಣ್ಣೊರೆಸಿಕೊಂಡಳು, ಅವಳ ಕಾಲ ಕೆಳಗೆ ಎಂದಿಗಿಂತ ಹೆಚ್ಚು ನೀರು ನಿಂತಿತು. ‘ಫಕೀರಪ್ಪಣ್ಣಗ ಎಷ್ಟ ಅಂದ್ವಿ ನಾವು’ ಎಂದು ಸಂಪಿಗೆವ್ವ ಮೆಲ್ಲಗೆ ಅಂದಳು. ಕಲ್ಲವ್ವ ಮಾತ್ರ ತನ್ನ ಎರಡೂ ಕೈ ನೋಡಿಕೊಳ್ಳುತ್ತ ಕುಳಿತಿದ್ದಳು. ‘ನಾ ಗುದ್ದೂದಿಲ್ಲ. ಆವಾಗ ಗುದ್ದಿದ್ದ ಸಾಕಾಗೇತಿ’ ಅಂದಳು.

‘ಆವಾಗ ಗುದ್ದಿದಾಕಿನೇ ಈಗೂ ಗುದ್ದಬೇಕು’ ಅಂದೆ. ‘ನಿನ್ನ ಮೊಮ್ಮಗಳ ಸಲುವಾಗಿ ಗುದ್ದು.’

ಸಾಕವ್ವ ಬಂದು, ಅವಳು ಹಿಡಿಸುವ ತೊಟ್ಟಿಲಿಲ್ಲದ್ದಕ್ಕೆ ನೆಲದ ಮೇಲೆ ಚಾಪೆಯಲ್ಲಿ ಕುಳಿತಳು. ಕೂಸು ಅವಳ ಮಡಿಲಲ್ಲಿತ್ತು, ಸದ್ದಿಲ್ಲದೆ. ಮಂಡಿಯೂರಿ ಬಗ್ಗಿ ಅವಳ ಕಿವಿಗೆ ಬಾಯಿ ಹಚ್ಚಿದೆ. ಅಲ್ಲೊಂದು ನರೆಗೂದಲು ಕಂಡಿತು. ‘ಕುರ್ರ್, ಸಾಕವ್ವಾ’ ಅಂದೆ. ಹೆಂಗಸರು ಕೈ ಎತ್ತಿದರು. ಎತ್ತಿದ ಕೈಗಳು ಅಲ್ಲಲ್ಲೇ ಗಾಳಿಯಲ್ಲಿ ನಿಂತವು, ಅವಳ ಹತ್ತಿರ ಯಾವ ಕೈ ತಾನೇ ಮುಂದೆ ಬಂದೀತು. ಕಲ್ಲವ್ವನ ಮುಷ್ಟಿ ಮಾತ್ರ ಬಿತ್ತು. ಕಲ್ಲಿಗೆ ಸಾಕೂ ಇಲ್ಲ, ಬೇಕೂ ಇಲ್ಲ. ಎತ್ತಿ ಬಿಟ್ಟರೆ ಬೀಳುತ್ತದೆ. ನನ್ನ ಪಕ್ಕೆಯೊಳಗೆ ಏನೋ ಲಟಕ್ಕೆಂದಿತು.

ಎರಡನೆಯ ಸಲ ಹೇಳಿದೆ. ಮುಷ್ಟಿ ಬಿತ್ತು. ಮೂವತ್ತೆಂಟು ವರ್ಷದ ಹಿಂದಿನ ಕತ್ತಲೆಯೇ ಕಣ್ಣಿಗೆ ಬಂತು, ಕಲ್ಲವ್ವ ಮತ್ತೆ ಕೈ ಎತ್ತಿದ್ದು ಅದೇ ಓರೆಗಣ್ಣಿಗೆ ಕಂಡಿತು. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದೇ ಮಾತನ್ನೇ ಹೇಳಬೇಕಿತ್ತು ಕೂಡ. ನೋವು ಹೇಳಿಸಿದರೆ ಒಂದರ್ಥ, ನಾನು ಹೇಳಿದರೆ ಇನ್ನೊಂದು. ಮುತ್ತಜ್ಜಿ ಸಾಕವ್ವನನ್ನು ನೆನೆಯಲು ನೋಡಿದೆ, ಕಾಣದವಳು, ಮುಖವೇ ಮೂಡಲಿಲ್ಲ. ಆಗ ಅಣ್ಣ ಕಂಡ. ಉಣ್ಣುವ ತಟ್ಟೆಯ ಮುಂದಿನಿಂದ ತಲೆಯೆತ್ತಿ, ನೀಲಿ ಬೆರಳಿನ ತಂಗಿಯನ್ನು ನೋಡಿ, ಇನ್ನೊಂದು ಮಣೆ ಹಾಕು ಅಂದ ಅಣ್ಣ. ನನ್ನನ್ನು ಸಾಕಿದವನು ಅವನು. ಸಾಕುವುದೆಂದರೆ ಏನೆಂದು ನನಗೆ ಗೊತ್ತಿದ್ದದ್ದೇ ಅವನಿಂದ. ಅವನ ಮಗಳ ಕಿವಿಯಲ್ಲಿ, ಅವನು ಹೇಳಿದ ಹಾಗೆಯೇ, ‘ಸಾಕವ್ವಾ’ ಅಂದೆ.

ಮುಷ್ಟಿ ಬಿತ್ತು. ಅದರ ಹಿಂದೆಯೇ ಗಾಳಿಯಲ್ಲಿ ನಿಂತಿದ್ದ ಎಂಟು ಹತ್ತು ಕೈಗಳೂ ಒಟ್ಟಿಗೆ ಬಿದ್ದವು. ಬಿದ್ದ ಕೈಗಳು ಎದ್ದು ಮತ್ತೆ ಬಿದ್ದವು. ಮಡಿಲಲ್ಲಿದ್ದ ಕೂಸು ಬಾಯಿ ತೆರೆದು ಅಳತೊಡಗಿತು, ಹಸಿದ ಕೂಸಿನ ಅಳು, ಬೀದಿಯ ತುದಿಗೆ ಕೇಳುವಂಥದ್ದು. ಸಾಕವ್ವ ಅದನ್ನು ಎದೆಗವಚಿಕೊಂಡಳು. ಅಳು ಇನ್ನೂ ಏರಿತು. ‘ಸಾಕು, ಬಿಡ್ರೇ, ಮುದುಕಿ ಸಾಯ್ತಾಳ’ ಎಂದು ಸಾಕವ್ವ ಕೂಗಿದಳು. ಅವಳು ಸಾಕು ಅಂದರೂ ಯಾರ ಕೈಯೂ ನಿಲ್ಲಲಿಲ್ಲ. ಅದನ್ನು ಮೊದಲು ಗಮನಿಸಿದವಳು ಕಲ್ಲವ್ವ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಗುದ್ದುತ್ತಲೇ ಅಳುತ್ತಿದ್ದರು, ಅಳುತ್ತಲೇ ನಗುತ್ತಿದ್ದರು. ಸಾಕು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ.

ಕೂಸು ಅರ್ಧ ಬಟ್ಟಲು ಆಡಿನ ಹಾಲು ಕುಡಿಯಿತು. ಸೋಮವಾರದ ದೋಣಿ ಹುಣಸೆಹಣ್ಣಿನ ಚೀಲ ತುಂಬಿಕೊಂಡು ಹೋಯಿತು. ಅವತ್ತು ಸಂಜೆ ಹೊತ್ತು ಮುಳುಗುವ ಮುಂಚೆ ಸಾಕವ್ವ ಬೆಚ್ಚನೆಯ ಎಣ್ಣೆ ತಂದು ನನ್ನ ಬೆನ್ನಿಗೆ ಹಚ್ಚಿದಳು. ಎರಡು ದಿನದಿಂದ ನನ್ನೊಡನೆ ಅಗತ್ಯಕ್ಕೆ ತಕ್ಕಷ್ಟು ಮಾತ್ರ ಆಡಿದ್ದಳು. ಅವಳ ಪಕ್ಕದಲ್ಲಿ ಕೂಸು ಕಾಲು ಬಡಿಯುತ್ತಿತ್ತು. ಬೆಕ್ಕಿನ ಮರಿ ಎಣ್ಣೆಯ ಬಟ್ಟಲು ಮೂಸುತ್ತಿತ್ತು, ನಿನ್ನೆಗಿಂತ ಒಂದು ಬೆರಳು ಉದ್ದವಾದ ಹಾಗೆ ನನಗೆ ಕಂಡಿತು. ಮುದುಕಿಯ ಕಣ್ಣು, ನಂಬಬೇಕೆಂದಿಲ್ಲ.

‘ಅವತ್ತ ಹಿತ್ತಲದಾಗ ಅಪ್ಪ ಏನಂದಿದ್ದ?’ ಅಂದಳು.

ಹೇಳಿದೆ. ಸಾಕವ್ವ ಅಂದ್ರ ಸಾಕುವಾಕಿ, ನನ್ನ ಮಗಳ ಮಡಿಲಾಗ ಊರಿಗೆ ಊರೇ ಹಿಡಸ್ತದ ನೋಡು ಅಂದಿದ್ದ ಎಂದು ಹೇಳಿದೆ.

ಬೆನ್ನ ಮೇಲಿನ ಕೈ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಆಡಿತು.

‘ಇನ್ನೊಮ್ಮೆ ಹೇಳು’ ಅಂದಳು.

ಹೇಳಿದೆ.

‘ಇನ್ನೊಮ್ಮೆ.’